ನಿಮಗಿದು ಗೊತ್ತೇ? ಹುಳುವಿನಲ್ಲಿ ಹೆಣ್ಣು ಯಾವುದು, ಗಂಡು ಯಾವುದು?

ಗಂಡು ಜೇನಿಗೆ ಅಪ್ಪನಿಲ್ಲ, ತಾತನಿದ್ದಾನೆ! ರಾಣಿಯ ಮೊಟ್ಟೆ ಫಲಿತಗೊಂಡರೆ ಸಾಮಾನ್ಯವಾಗಿ ಹೆಣ್ಣು, ಫಲಿತಗೊಳ್ಳದಿದ್ದರೆ ಗಂಡು.

ವೈ ವರ್ಣತಂತುವಿಗೂ ಗಂಡುತನಕ್ಕೂ ಇರುವ ನಂಟನ್ನು 1905ರಲ್ಲಿ ತೋರಿಸಿದವರು ಅಮೆರಿಕದ ನೆಟ್ಟಿ ಸ್ಟೀವನ್ಸ್. ಸೂಕ್ಷ್ಮದರ್ಶಕದಡಿ ಅವರು ಇಟ್ಟಿದ್ದು ಹಿಟ್ಟಿನಲ್ಲಿ ಬೆಳೆಯುವ ದುಂಬಿಯೊಂದರ ಕೋಶಗಳನ್ನು. ಪಠ್ಯಪುಸ್ತಕಗಳು ಈಕೆಯ ಹೆಸರನ್ನು ಮೆಂಡೆಲ್ ಪಕ್ಕದಲ್ಲೇ ಅಚ್ಚು ಹಾಕಬೇಕು.

ಹಣ್ಣಿನ ನೊಣದಲ್ಲಿ ವೈ ಇದೆ, ಆದರೆ ಗಂಡನ್ನು ರೂಪಿಸುವುದು ಅದಲ್ಲ. ಎರಡು ಎಕ್ಸ್ ಇದ್ದರೆ ಹೆಣ್ಣು, ಒಂದೇ ಇದ್ದರೆ ಗಂಡು. ಆ ಒಂಟಿ ಎಕ್ಸ್‌ನಿಂದಲೇ ಗಂಡು ಇಮ್ಮಡಿ ಕೆಲಸ ತೆಗೆಯುತ್ತದೆ!

ರೇಷ್ಮೆ ಹುಳುವಿನಲ್ಲಿ ಲೆಕ್ಕ ತಿರುಗುಮುರುಗು. ಗಂಡಿಗೆ ಎರಡು ಜಡ್ ವರ್ಣತಂತು. ಹೆಣ್ಣಿಗೆ ಒಂದು ಜಡ್, ಒಂದು ಡಬ್ಲ್ಯು. ಹಾಗಾಗಿ ತೀರ್ಮಾನ ತಾಯಿಯದು. ಡಬ್ಲ್ಯು ಒಂದಿದ್ದರೆ ಸಾಕು, ಜಡ್ ಎಷ್ಟಿದ್ದರೂ ಹೆಣ್ಣೇ. ಏಕೆ? 1930ರ ದಶಕದಿಂದ ಕಾಡಿದ ಈ ಪ್ರಶ್ನೆಗೆ ಜಪಾನಿನ ವಿಜ್ಞಾನಿಗಳು 2014ರಲ್ಲಿ ಉತ್ತರ ಕೊಟ್ಟರು. ಡಬ್ಲ್ಯುವಿನಿಂದ ಹೊರಡುವ ಒಂದು ಪುಟಾಣಿ ಆರ್‌ಎನ್‌ಎ, ಜಡ್ ಮೇಲಿರುವ ಗಂಡುತನದ ಜೀನಿನ ಬಾಯಿ ಮುಚ್ಚಿಸುತ್ತದೆ. ಪ್ರೋಟೀನೂ ಅಲ್ಲ, ಬರೀ ಆರ್‌ಎನ್‌ಎ ತುಣುಕು!

ರೇಷ್ಮೆಯನ್ನೇ ನಂಬಿದವರಿಗೆ ಇದು ಬದುಕಿನ ಮಾತು. ಹೆಣ್ಣು ಗೂಡು ಹೆಚ್ಚು ತೂಗುತ್ತದೆ, ಆದರೆ ಆ ತೂಕ ಒಳಗಿರುವ ಮೊಟ್ಟೆ ತುಂಬಿದ ಹುಳುವಿನದು. ರೇಷ್ಮೆಯ ಪಾಲು ಗಂಡು ಗೂಡಿನಲ್ಲೇ ಜಾಸ್ತಿ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿ ಗಂಡನ್ನು ಕೂಡಿಸುವ ಬಿತ್ತನೆ ಕೋಠಿಗಳಲ್ಲಿ ಗೂಡು ಕೊಯ್ದು, ಪ್ಯೂಪಾದ ಹೊಟ್ಟೆ ನೋಡಿ ಬೇರ್ಪಡಿಸುತ್ತಾರೆ. ಎಂಟನೆಯ ಖಂಡದಲ್ಲಿ ಎಕ್ಸ್ ಆಕಾರದ ಗೆರೆಯಿದ್ದರೆ ಹೆಣ್ಣು, ಒಂಬತ್ತನೆಯದರಲ್ಲಿ ಚುಕ್ಕೆಯಿದ್ದರೆ ಗಂಡು. ಒಂದೊಂದನ್ನೂ ಹೀಗೆ ಗುರುತಿಸುವ ಆ ಕಣ್ಣುಗಳಿಗೆ ದೊಡ್ಡ ನಮಸ್ಕಾರ.

ಹಿತ್ತಲಿನ ಕರಿಬೇವಿನ ಮೇಲೆ ಮೊಟ್ಟೆಯಿಡುವ ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು, ಹಕ್ಕಿಗಳಿಗೆ ರುಚಿಸದ ಕಾಮನ್ ರೋಸ್ ಚಿಟ್ಟೆಯ ವೇಷ ತೊಡುತ್ತವೆ. ಗಂಡು ಎಂದೂ ತೊಡದು. ಆದರೆ ವೇಷದ ಕೀಲಿ ಇರುವುದು ಲಿಂಗ ವರ್ಣತಂತುವಿನಲ್ಲಲ್ಲ, ‘ಡಬಲ್‌ಸೆಕ್ಸ್’ ಎಂಬ ಜೀನಿನಲ್ಲಿ. ಅದು ಗಂಡಿನಲ್ಲೂ ಉಂಟು. ಗಂಡು ಅದನ್ನು ಮಗಳಿಗೆ ದಾಟಿಸುತ್ತದೆ, ತಾನು ಮಾತ್ರ ಬಣ್ಣ ಬದಲಿಸದು. 2014ರಲ್ಲಿ ಇದನ್ನು ಬಯಲಿಗೆ ತಂದ ತಂಡದಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಇದ್ದರು.

ಡೆಂಗಿ ಹರಡುವ ಈಡಿಸ್ ಸೊಳ್ಳೆಯಲ್ಲಿ ರಕ್ತ ಹೀರುವುದು ಹೆಣ್ಣು ಮಾತ್ರ. ಗಂಡಿನ ‘ನಿಕ್ಸ್’ ಜೀನೊಂದನ್ನೇ ಹೆಣ್ಣಿಗೆ ಸೇರಿಸಿದಾಗ ಅದು ಸಂತಾನಶಕ್ತಿಯುಳ್ಳ ಗಂಡಾಯಿತು. ಹಾರಲು ಮಾತ್ರ ಆಗಲಿಲ್ಲ. ಅದಕ್ಕೆ ‘ಮಯೋ-ಸೆಕ್ಸ್’ ಎಂಬ ಇನ್ನೊಂದು ಜೀನ್ ಬೇಕಿತ್ತು.