ಏಳು ಬಣ್ಣದ ಕಾಗದ

ಬೆಂಗಳೂರಿನಿಂದ ಚೆನ್ನೈಗೆ ಕಾರಿನಲ್ಲಿ ಮರಳುವಾಗ ನಮ್ಮ ಮನೆಯವರು ಒಂದು ಆಟ ಆಡುತ್ತೇವೆ. ಅತ್ತಿಬೆಲೆ ದಾಟಿದ ಮೇಲೆ ಎಲ್ಲಾದರೂ ಕನ್ನಡ ಅಕ್ಷರ ಕಂಡರೆ, ಮೊದಲು ನೋಡಿದವರಿಗೆ ಒಂದು ಪಾಯಿಂಟು. ಕೆಎಸ್‌ಆರ್‌ಟಿಸಿ ಬಸ್ಸಿಗೆ ಪಾಯಿಂಟಿಲ್ಲ, ಅದು ತೀರಾ ಸುಲಭ. ಲಾರಿಯ ಹಿಂದೆ ಬರೆದ ದೇವರ ಹೆಸರು, ಮೂಟೆಯ ಮೇಲಿನ ಊರಿನ ಹೆಸರು, ಇಂಥವಕ್ಕೆ ಮಾತ್ರ. ಭಾನುವಾರದ ಕನ್ನಡ ತರಗತಿಗೆ ಹೋಗುವ ಎಂಟು ವರ್ಷದ ಮಗನನ್ನು ಓದಿಸಲು ನನ್ನ ಹೆಂಡತಿ ಹುಡುಕಿದ ಉಪಾಯ ಇದು.

ಕಳೆದ ಬಾರಿ ವೆಲ್ಲೂರು ದಾಟಿ, ರಾಣಿಪೇಟೆ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ಅವನು ಕೂಗಿದ: "ಅಪ್ಪ, ಕನ್ನಡ!" ಟೀ ಅಂಗಡಿಯಿಂದ ಸಾಕಷ್ಟು ದೂರದಲ್ಲಿ ಕರ್ನಾಟಕದ ನಂಬರಿನ ಲಾರಿಯೊಂದು ನಿಂತಿತ್ತು. ಹಳದಿ ಹಲಗೆಯ ಮೇಲೆ ಕೆಂಪಕ್ಷರ. ಒಂದೊಂದೇ ಅಕ್ಷರ ಕೂಡಿಸಿ ಓದಿದ: "ಅ-ಪಾ-ಯ-ಕಾ-ರಿ ತ್ಯಾ-ಜ್ಯ."

"ತ್ಯಾಜ್ಯ ಅಂದ್ರೆ ಏನಪ್ಪ?"

"ಕಸ."

"ನಮ್ಮೂರ ಕಸ ಇಲ್ಲಿಗ್ಯಾಕೆ ಬಂತು?"

ನನಗೂ ಗೊತ್ತಿರಲಿಲ್ಲ. ಟೀ ಕುಡಿಯುತ್ತಿದ್ದ ಡ್ರೈವರ್ ನಮ್ಮ ಮಾತು ಕೇಳಿ ತಾವಾಗಿಯೇ ಹತ್ತಿರ ಬಂದರು. "ಕನ್ನಡದವ್ರಾ ಸಾರ್? ಯಾವೂರು?" ಐವತ್ತರ ಆಸುಪಾಸಿನವರು, ಮಾಲೂರು ಕಡೆಯವರು. ಲಾರಿಯಲ್ಲಿದ್ದದ್ದು ಕಾರ್ಖಾನೆಯೊಂದು ಬಳಸಿ ಬಿಟ್ಟ ಸಾಲ್ವೆಂಟು, ಡ್ರಮ್ಮುಗಳಲ್ಲಿ. ಅದನ್ನು ಮತ್ತೆ ಶುದ್ಧ ಮಾಡುವ ಘಟಕವೊಂದಕ್ಕೆ ಹೊರಟಿದ್ದರು. "ಒಲೆ ಇರೋ ಕಡೆ ಗಾಡಿ ನಿಲ್ಲಿಸಲ್ಲ ಸಾರ್, ಬೇಗ ಹತ್ತಿಕೊಳ್ಳೋ ಮಾಲು" ಎಂದರು.

ಹುಡುಗನ ಕುತೂಹಲ ನೋಡಿ ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ತೆಗೆದು ತೋರಿಸಿದರು. ಗುಲಾಬಿ, ಕಿತ್ತಳೆ, ಹಸಿರು, ನೀಲಿ, ಬೂದು. "ಒಟ್ಟು ಏಳು. ಎರಡು ಕಳಿಸೋರ ಹತ್ರ ಉಳೀತು, ಐದು ನನ್ನ ಹತ್ರ." ಅವುಗಳ ಜೊತೆಗೆ ಇನ್ನೊಂದು ಹಾಳೆ ಇತ್ತು. ದಾರಿಯಲ್ಲಿ ಅಪಘಾತವಾದರೆ, ಡ್ರಮ್ಮು ಸೋರಿದರೆ, ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಹೇಳುವ ಹಾಳೆ. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು.

"ಇದರಲ್ಲಿ ಏನಿದೆ ಅಂತ ಓದಿದೀರಾ?" ಅಂದೆ.

"ಇಂಗ್ಲಿಷ್ ಬರಲ್ಲ ಸಾರ್. ಬೆಂಕಿ ಬಿದ್ರೆ ದೂರ ಓಡು, ಫೋನ್ ಮಾಡು ಅಂದಿದ್ದಾರೆ, ಅಷ್ಟೇ."

ನಾನೇ ಓದಿ ಹೇಳಿದೆ. ನೀರು ರಭಸವಾಗಿ ಹಾಯಿಸಬಾರದು, ನೊರೆ ಅಥವಾ ಒಣ ಪುಡಿಯ ಆರಿಸುವ ಸಾಧನ ಬಳಸಬೇಕು, ಸೋರಿದ್ದನ್ನು ಒಣ ಮರಳಿನಿಂದ ಮುಚ್ಚಬೇಕು, ಚರಂಡಿಗೆ ಹೋಗದಂತೆ ತಡೆಯಬೇಕು. ಅವರು ಪ್ರತಿ ಸಾಲನ್ನೂ ಮನಸ್ಸಿನಲ್ಲಿ ತಿರುಗಿ ಹೇಳಿಕೊಂಡರು. "ಇಷ್ಟು ವರ್ಷದಿಂದ ಜೇಬಲ್ಲಿಟ್ಕೊಂಡು ಓಡಾಡ್ತಿದೀನಿ ನೋಡಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಚೆನ್ನೈಗೆ ಬಂದ ಮೇಲೆ ಆ ಕಾಗದಗಳ ಹಿಂದಿನ ಕಾನೂನನ್ನು ಕೂತು ಓದಿದೆ. ನಮ್ಮಂತೆ ಎರಡು ರಾಜ್ಯಗಳ ನಡುವೆ ಓಡಾಡುವವರಿಗೆ ತಿಳಿದಿರಬೇಕಾದ ವಿಷಯ ಎನ್ನಿಸಿತು.

1984ರ ಡಿಸೆಂಬರಿನ ಭೋಪಾಲ್ ದುರಂತದ ನಂತರ, 1986ರಲ್ಲಿ ಸಂಸತ್ತು ಪರಿಸರ ಸಂರಕ್ಷಣಾ ಕಾಯ್ದೆ ಮಾಡಿತು. ಅದರ ಅಡಿಯಲ್ಲಿ 1989ರಲ್ಲಿ ಅಪಾಯಕಾರಿ ತ್ಯಾಜ್ಯದ ಮೊದಲ ನಿಯಮಗಳು ಬಂದವು. 2008ರಲ್ಲಿ ಅವನ್ನು ಹೊಸದಾಗಿ ಬರೆದರು, 2016ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ. ಈಗ ನಡೆಯುತ್ತಿರುವುದು 2016ರ ನಿಯಮಗಳು, ನಂತರದ ತಿದ್ದುಪಡಿಗಳ ಜೊತೆಗೆ. ಕಾರ್ಖಾನೆಯವರು ಇಂಥ ಕಸವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹೊರಗೆ ಕಳಿಸುವಾಗ ಏಳು ಪ್ರತಿಯ ರವಾನೆ ಪತ್ರ ಬರೆಯಬೇಕು. ಬಿಳಿ ಪ್ರತಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳದಿ ಕಳಿಸಿದವರಲ್ಲೇ. ಗುಲಾಬಿ ಪಡೆದವರಿಗೆ, ಕಿತ್ತಳೆ ಸಾಗಿಸಿದವರಿಗೆ. ಪಡೆದವರು ಹಸಿರನ್ನು ಮಂಡಳಿಗೆ ಕಳಿಸಬೇಕು, ನೀಲಿಯನ್ನು ಕಳಿಸಿದವರಿಗೆ ವಾಪಸು ಮಾಡಬೇಕು. ಏಳನೆಯ ಬೂದು ಪ್ರತಿ ಇರುವುದು ಗಡಿಗಾಗಿಯೇ. ಕಸ ಬೇರೆ ರಾಜ್ಯದಿಂದ ಬಂದಿದ್ದರೆ, ಅದು ಹೊರಟ ರಾಜ್ಯದ ಮಂಡಳಿಗೆ ಹೋಗಬೇಕು. "ನಿಮ್ಮಲ್ಲಿಂದ ಹೊರಟದ್ದು ಇಲ್ಲಿಗೆ ತಲುಪಿದೆ" ಎಂಬ ಸಾಕ್ಷಿ ಅದು.

ಬೇರೆ ರಾಜ್ಯದಲ್ಲಿ ಹೂಳಲು ಅಥವಾ ಸುಡಲು, ಅಂದರೆ ಅಂತಿಮ ವಿಲೇವಾರಿಗೆ ಕಳಿಸುವುದಾದರೆ ಎರಡೂ ರಾಜ್ಯಗಳ ಮಂಡಳಿಗಳ ನಿರಾಕ್ಷೇಪಣಾ ಪತ್ರ ಬೇಕು. ಮರುಬಳಕೆಗೆ ಕಳಿಸುವುದಾದರೆ ಎರಡೂ ಮಂಡಳಿಗಳಿಗೆ ಮೊದಲೇ ತಿಳಿಸಿದರೆ ಸಾಕು. ನಡುವೆ ಮೂರನೆಯ ರಾಜ್ಯ ಸಿಕ್ಕರೆ ಅವರಿಗೂ ತಿಳಿಸಬೇಕು. ಮಗನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಒಂದು ಕಾರ್ಖಾನೆಗೆ ಕಸವಾದದ್ದು ಇನ್ನೊಂದಕ್ಕೆ ಕಚ್ಚಾವಸ್ತು. ಆ ಇನ್ನೊಂದು ಪಕ್ಕದ ರಾಜ್ಯದಲ್ಲಿದ್ದರೆ ಲಾರಿ ಗಡಿ ದಾಟುತ್ತದೆ, ಅದರಲ್ಲಿ ತಪ್ಪೇನಿಲ್ಲ.

ಹಲಗೆಯ ಭಾಷೆಯನ್ನೂ ನಿಯಮವೇ ಹೇಳುತ್ತದೆ: ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆ. ಲಾರಿ ಹೊರಟ ಊರಿನ ಭಾಷೆಯೋ, ಹೋಗುವ ದಾರಿಯ ಭಾಷೆಯೋ? ರಾಣಿಪೇಟೆಯ ಆ ಟೀ ಅಂಗಡಿಯಲ್ಲಿ ಕನ್ನಡದ ಎಚ್ಚರಿಕೆ ಓದಬಲ್ಲವರು ಬಹುಶಃ ನಾವು ನಾಲ್ವರೇ ಇದ್ದೆವು.

ಇನ್ನು ಕೇಂದ್ರ ಮತ್ತು ರಾಜ್ಯದ ವಿಷಯ. ಅಮೆರಿಕದಲ್ಲಿರುವ ಗೆಳೆಯರಿಗೆ ಬೇರೊಂದು ವ್ಯವಸ್ಥೆ ಗೊತ್ತಿರಬಹುದು. ಅಲ್ಲಿ 1976ರ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯವೂ ತನ್ನದೇ ಅಪಾಯಕಾರಿ ತ್ಯಾಜ್ಯದ ನಿಯಮಾವಳಿ ಮಾಡಿಕೊಳ್ಳಬಹುದು. ಅದು ಕೇಂದ್ರದ ನಿಯಮಕ್ಕಿಂತ ಸಡಿಲವಾಗಿರುವಂತಿಲ್ಲ, ಬಿಗಿಯಾಗಿರಬಹುದು. ರಾಜ್ಯ ತನ್ನ ನಿಯಮ ಬದಲಿಸಿದರೆ, ಕೇಂದ್ರದ ಪರಿಸರ ಸಂಸ್ಥೆ ಅದನ್ನು ಪರಿಶೀಲಿಸಿ, ಸಾರ್ವಜನಿಕ ಪ್ರಕಟಣೆ ಕೊಟ್ಟು, ಜನರ ಅಭಿಪ್ರಾಯ ಕೇಳಿ ಒಪ್ಪಿಗೆ ಕೊಡಬೇಕು. ಅಲಾಸ್ಕಾ ಮತ್ತು ಅಯೋವಾದಂಥ ರಾಜ್ಯಗಳಿಗೆ ಸ್ವಂತ ನಿಯಮಾವಳಿ ಇಲ್ಲ, ಅಲ್ಲಿ ಕೇಂದ್ರವೇ ನೋಡಿಕೊಳ್ಳುತ್ತದೆ.

ನಮ್ಮಲ್ಲಿ ಹಾಗಲ್ಲ. ನಿಯಮ ಬರೆಯುವುದು ದೆಹಲಿ, ಜಾರಿ ಮಾಡುವುದು ರಾಜ್ಯದ ಮಂಡಳಿ. ಮಾನದಂಡವನ್ನು ಇನ್ನೂ ಬಿಗಿ ಮಾಡುವ ಅಧಿಕಾರ ರಾಜ್ಯದ ಮಂಡಳಿಗಳಿಗೂ ಇದೆ. ಇಂಥ ಕಸವನ್ನು ಬೇರೊಂದು ಕೆಲಸಕ್ಕೆ ಬಳಸಿಕೊಳ್ಳುತ್ತೇವೆ ಎಂದು ಯಾರಾದರೂ ಬಂದರೆ, ಕೇಂದ್ರ ಮಂಡಳಿ ಹೇಳಿದ ವಿಧಾನದ ಪ್ರಕಾರವೇ ರಾಜ್ಯದ ಮಂಡಳಿ ಅನುಮತಿ ಕೊಡಬೇಕು. ವಿಧಾನವೇ ಇಲ್ಲದಿದ್ದರೆ ಪ್ರಯೋಗ ನಡೆಸಿ, ಕೇಂದ್ರ ಮಂಡಳಿಯ ಒಪ್ಪಿಗೆ ತರಬೇಕು. ಆದರೆ ಒಂದು ರಾಜ್ಯದ ಜಾರಿ ವ್ಯವಸ್ಥೆ ಒಟ್ಟಾರೆ ಹೇಗಿದೆ ಎಂದು ಆಗಾಗ ಜನರೆದುರು ಇಟ್ಟು ಒಪ್ಪಿಗೆ ಪಡೆಯುವ ಕ್ರಮ ನಮ್ಮಲ್ಲಿಲ್ಲ. ಸಾಫ್ಟ್‌ವೇರ್‌ನವರ ಮಾತಿನಲ್ಲಿ ಹೇಳುವುದಾದರೆ, ಕೋಡ್ ಎಲ್ಲ ಕಡೆ ಒಂದೇ. ಅದು ಓಡುತ್ತಿದೆಯೋ ಇಲ್ಲವೋ ಎಂದು ನೋಡುವವರು ಬೇರೆ ಬೇರೆ, ಕೆಲವೆಡೆ ಯಾರೂ ನೋಡುವುದಿಲ್ಲ.

ಕಾಗದವನ್ನೇ ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಡಿಸೆಂಬರಿನಲ್ಲಿ ತಿರುನೆಲ್ವೇಲಿಯಲ್ಲಿ ನೋಡಿದೆವು. ಕೇರಳದ ಆಸ್ಪತ್ರೆಗಳ ಕಸವನ್ನು ಅಲ್ಲಿನ ಹಳ್ಳಿಗಳ ಬಳಿ ರಾಶಿ ಸುರಿದಿದ್ದರು. ಆಸ್ಪತ್ರೆಯ ಕಸಕ್ಕೆ ಬೇರೆಯದೇ ನಿಯಮಗಳಿವೆ, ಆದರೆ ಕತೆ ಒಂದೇ. ಅದು ಎಲ್ಲಿಂದ ಬಂತೆಂದು ಪತ್ತೆಯಾದದ್ದು ಕಸದೊಳಗೇ ಸಿಕ್ಕ ಆಸ್ಪತ್ರೆಯ ಕಾಗದಗಳಿಂದ. ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ, ಕೇರಳವೇ ಅದನ್ನು ವಾಪಸು ಒಯ್ಯಬೇಕೆಂದಿತು. ಕೆಲವೇ ದಿನಗಳಲ್ಲಿ ಕೇರಳದಿಂದ ಅಧಿಕಾರಿಗಳು ಲಾರಿಗಳೊಂದಿಗೆ ಬಂದು ತುಂಬಿಕೊಂಡು ಹೋದರು. ಅಂದಹಾಗೆ, ಕರ್ನಾಟಕವೂ ಇದೇ ಪೀಠದ ವ್ಯಾಪ್ತಿಗೆ ಸೇರುತ್ತದೆ. ನಮ್ಮೂರಿನ ಕೆರೆಯ ತಕರಾರಿಗೆ ಉತ್ತರ ನಮ್ಮ ಚೆಪಾಕಿನಲ್ಲೇ ಸಿಗಬಹುದು.

ಕಾಗದ ಬರೆಯಬೇಕಾದ ಕಂಪನಿಯೇ ಇಲ್ಲವಾದರೆ? ಅದಕ್ಕೆ ಉದಾಹರಣೆ ನಾವು ಟೀ ಕುಡಿದ ಊರೇ. ರಾಣಿಪೇಟೆಯ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕ್ರೋಮೇಟ್ ತಯಾರಿಸುವ ಕಾರ್ಖಾನೆಯೊಂದಿತ್ತು. ಚರ್ಮ ಹದ ಮಾಡಲು ಬೇಕಾದ ಕ್ರೋಮಿಯಂ ಲವಣಗಳಿಗೆ ಆ ಸೀಮೆಯಲ್ಲಿ ಬೇಡಿಕೆ ಹೆಚ್ಚು. 1990ರ ದಶಕದ ನಡುವೆ ಅದು ಮುಚ್ಚಿತು. ಬಯಲಲ್ಲಿ ಉಳಿದದ್ದು ಲಕ್ಷಾಂತರ ಟನ್ ಕ್ರೋಮಿಯಂ ತ್ಯಾಜ್ಯ. ಮಳೆ ಬಂದಾಗ ಅದರಿಂದ ಹಳದಿ ನೀರು ಇಳಿದು ಅಂತರ್ಜಲ ಸೇರುತ್ತದೆ. ಅದರಲ್ಲಿರುವುದು ಕ್ಯಾನ್ಸರಿಗೆ ಕಾರಣವಾಗಬಲ್ಲ ಕ್ರೋಮಿಯಂನ ರೂಪ. 2006ರಲ್ಲಿ ಅಮೆರಿಕದ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಜಗತ್ತಿನ ಅತಿ ಕಲುಷಿತ ಹತ್ತು ಜಾಗಗಳ ಪಟ್ಟಿ ಮಾಡಿದಾಗ ಅದರಲ್ಲಿ ರಾಣಿಪೇಟೆಯ ಹೆಸರಿತ್ತು. ಸ್ವಚ್ಛ ಮಾಡುವವರು ಯಾರು, ದುಡ್ಡು ಯಾರದು ಎಂಬ ಮಾತಿನಲ್ಲೇ ದಶಕಗಳು ಕಳೆದವು.

ಅದರ ಪಕ್ಕದಲ್ಲೇ ಪಾಲಾರ್ ಹರಿಯುತ್ತದೆ. ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯ ಬೇತಮಂಗಲದ ಕೆರೆ ತುಂಬಿಸಿ, ಆಂಧ್ರ ಹಾಯ್ದು ತಮಿಳುನಾಡಿಗೆ ಬರುವ ನದಿ ಅದು. ವಾಣಿಯಂಬಾಡಿ, ಆಂಬೂರುಗಳ ಚರ್ಮದ ಘಟಕಗಳು ಅದರ ದಡವನ್ನು ಹಾಳು ಮಾಡಿದ ವಿಷಯದಲ್ಲೇ ಸುಪ್ರೀಂ ಕೋರ್ಟು 1996ರ ಆಗಸ್ಟ್ 28ರಂದು ಹೆಸರಾಂತ ತೀರ್ಪು ಕೊಟ್ಟಿತು. ಕೆಡಿಸಿದವರೇ ತೆರಬೇಕು ಎಂಬ ತತ್ತ್ವ ಈ ದೇಶದ ಕಾನೂನಿನ ಭಾಗ ಎಂದಿತು. ಸುಮಾರು ಇಪ್ಪತ್ತೆಂಟು ವರ್ಷ ಕಳೆದು, 2025ರ ಜನವರಿಯಲ್ಲಿ ಅದೇ ಪಾಲಾರ್, ಅದೇ ಚರ್ಮದ ಘಟಕಗಳ ವಿಷಯದಲ್ಲಿ ಅದೇ ಕೋರ್ಟು ಮತ್ತೆ ಆದೇಶ ಕೊಡಬೇಕಾಯಿತು. ಕಾನೂನು ಗೆದ್ದಿತ್ತು, ನದಿ ಗೆದ್ದಿರಲಿಲ್ಲ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆಂದೇ ಹೊಸ ನಿಯಮ ತಂದಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನದ ಜಾಗಗಳ ವರದಿ ಕೊಡಬೇಕು, ರಾಜ್ಯದ ಮಂಡಳಿ ಗಡುವಿನೊಳಗೆ ಪರೀಕ್ಷಿಸಬೇಕು, ಕೆಡಿಸಿದವರಿಂದ ಖರ್ಚು ವಸೂಲಿ ಮಾಡಬೇಕು. ಕೆಡಿಸಿದವರು ಸಿಗದಿದ್ದರೆ ಅಥವಾ ಅವರಿಗೆ ಶಕ್ತಿ ಇಲ್ಲದಿದ್ದರೆ ಕೇಂದ್ರ ಮತ್ತು ರಾಜ್ಯ ಸೇರಿ ಭರಿಸಬೇಕು. ರಾಣಿಪೇಟೆಯಂಥ ಊರು ಕೇಳುತ್ತಿದ್ದದ್ದು ಇದನ್ನೇ. ಆದರೆ ಇದೂ ಒಂದು ವರದಿಯಿಂದ ಶುರುವಾಗುವ ಕೆಲಸ. ಆ ವರದಿಯನ್ನು ಬರೆಯುವವರು, ಬರೆದದ್ದನ್ನು ಓದುವವರು ಇರಬೇಕು.

ಇಷ್ಟು ಬರೆದು ನನ್ನದೊಂದು ತಪ್ಪು ಹೇಳದಿದ್ದರೆ ಸರಿಯಲ್ಲ. 2016ರ ಡಿಸೆಂಬರಿನ ವರ್ಧಾ ಚಂಡಮಾರುತದಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಕೂತ ಮೇಲೆ ಮನೆಗೊಂದು ಇನ್ವರ್ಟರ್ ತಂದೆ. ನಾಲ್ಕು ವರ್ಷಕ್ಕೆ ಬ್ಯಾಟರಿ ಸತ್ತಿತು. ಬೀದಿಯಲ್ಲಿ ಬಂದ ಗುಜರಿಯವನು, ಇಲ್ಲಿಯವರ ಮಾತಿನಲ್ಲಿ ಕಾಯಲಾಂಕಡೈಯವನು, ಅಂಗಡಿಗಿಂತ ಇನ್ನೂರು ರೂಪಾಯಿ ಹೆಚ್ಚು ಕೊಟ್ಟ. ಕೊಟ್ಟುಬಿಟ್ಟೆ. ಹಳೆ ಬ್ಯಾಟರಿಯನ್ನು ಮಾರಾಟಗಾರರಿಗೆ ಅಥವಾ ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕೆಂಬ ಗ್ರಾಹಕರ ಹೊಣೆ 2001ರ ನಿಯಮದಲ್ಲೇ ಇತ್ತು. ಆ ಬ್ಯಾಟರಿಯ ಸೀಸವನ್ನು ಯಾವ ಗಲ್ಲಿಯಲ್ಲಿ ಯಾರು ಕರಗಿಸಿದರೋ, ಆ ಹೊಗೆಯನ್ನು ಯಾರ ಮಕ್ಕಳು ಕುಡಿದರೋ ನನಗೆ ಗೊತ್ತಿಲ್ಲ. ಅದಕ್ಕೆ ಯಾವ ಬಣ್ಣದ ಕಾಗದವೂ ಇಲ್ಲ.

ನಮ್ಮಂಥವರ ಮನೆಯಲ್ಲಿ ಇಂಥದ್ದು ಬೇಕಾದಷ್ಟಿದೆ. ಹಳೆ ಲ್ಯಾಪ್‌ಟಾಪು, ಫೋನು, ಯುಪಿಎಸ್, ಕಾರಿನ ಕಪ್ಪು ಎಣ್ಣೆ. ಇ-ತ್ಯಾಜ್ಯಕ್ಕೆ 2023ರ ಏಪ್ರಿಲ್‌ನಿಂದ, ಬಳಸಿದ ಎಣ್ಣೆಗೆ 2024ರ ಏಪ್ರಿಲ್‌ನಿಂದ ತಯಾರಕರೇ ಮರುಬಳಕೆಯ ಹೊಣೆ ಹೊರಬೇಕೆಂಬ ಹೊಸ ನಿಯಮಗಳು ನಡೆಯುತ್ತಿವೆ. ನಾವು ಮಾಡಬೇಕಾದದ್ದು ದೊಡ್ಡದಲ್ಲ. ಬ್ಯಾಟರಿಯನ್ನು ಕೊಂಡ ಅಂಗಡಿಗೇ ಕೊಡಿ. ಕಂಪ್ಯೂಟರು, ಫೋನುಗಳನ್ನು ನೋಂದಾಯಿತರಿಗೆ ಕೊಟ್ಟು ರಶೀದಿ ಕೇಳಿ. ಆಫೀಸಿನಲ್ಲಿ ಹಳೆ ಯಂತ್ರಗಳನ್ನು ಒಟ್ಟಿಗೆ ಹೊರಗೆ ಹಾಕಿದಾಗ ಅವು ಎಲ್ಲಿಗೆ ಹೋದವೆಂದು ಕೇಳಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಕಾಗದಗಳು ಸರಿಯಾಗಿ ಓಡಾಡುತ್ತವೆ.

ಡ್ರೈವರ್ ಅಣ್ಣನ ನಂಬರು ತೆಗೆದುಕೊಂಡಿದ್ದೆ. ಆ ತುರ್ತು ಹಾಳೆಯನ್ನು ಕನ್ನಡದಲ್ಲಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ಬರೆದು, ಕೆಮಿಕಲ್ ಎಂಜಿನಿಯರ್ ಆಗಿರುವ ಗೆಳೆಯರಿಂದ ತಿದ್ದಿಸಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಕಳಿಸುವ ಮುಂಚೆ ಮಗ ಇಡೀ ಹಾಳೆಯನ್ನು ಜೋರಾಗಿ ಓದಿದ. ಅವನು ತಡವರಿಸಿದ ಕಡೆಯೆಲ್ಲ ಪದ ಬದಲಿಸಿದೆ. ಸಂಜೆ ಅವರ ದನಿಯಲ್ಲಿ ಉತ್ತರ ಬಂತು: "ಸಾರ್, ಇನ್ನೂ ನಾಲ್ಕು ಜನ ಡ್ರೈವರ್‌ಗಳಿಗೆ ಕಳ್ಸಿದೀನಿ. ಒಬ್ರು ತಮಿಳಿನವ್ರು. ಅವ್ರಿಗೂ ಒಂದು ಬರೆಸ್ಕೊಡ್ತೀರಾ?"

ಪಕ್ಕದ ಮನೆಯ ತಮಿಳು ಮೇಷ್ಟ್ರು ಈಗ ಆ ಕೆಲಸದಲ್ಲಿದ್ದಾರೆ.