ಎರಡು ಉಗ್ರಾಣಗಳ ನಡುವೆ ಒಂದು ಬಾಗಿಲು

ಬೆಳ್ಳಿತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಒಂದೂವರೆ ಗಂಟೆಯ ಅನಿಮೇಷನ್ ಚಲನಚಿತ್ರವೆಂದರೆ 1,29,600 ಚಿತ್ರಗಳು. ಒಂದೊಂದನ್ನೂ ಕಂಪ್ಯೂಟರ್ ಲೆಕ್ಕ ಹಾಕಿಯೇ ಬಿಡಿಸಬೇಕು. ಬೆಳಕಿನ ಕಿರಣ ಯಾವ ಎಲೆಗೆ ತಾಗಿತು, ಯಾವ ನೀರಿನಲ್ಲಿ ಬಾಗಿತು, ಎಲ್ಲಿ ಪ್ರತಿಫಲಿಸಿ ಕ್ಯಾಮೆರಾ ಸೇರಿತು ಎಂದು ಕೋಟ್ಯಂತರ ಕಿರಣಗಳ ಜಾಡು ಹಿಡಿಯುವ ಈ ಕೆಲಸಕ್ಕೆ ‘ರೆಂಡರಿಂಗ್’ ಎಂದು ಹೆಸರು. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವ ಗ್ರಾಫಿಕ್ಸ್ ಕಾರ್ಡು ಇದಕ್ಕೆ ಹೇಳಿ ಮಾಡಿಸಿದ ಸಾಧನ.

ಆದರೆ ಅದಕ್ಕೊಂದು ಮಿತಿಯಿದೆ. ಲೆಕ್ಕಕ್ಕೆ ಬೇಕಾದ ಮಾಹಿತಿ ಕಾರ್ಡಿನ ಸ್ವಂತ ಮೆಮೊರಿಯಲ್ಲೇ ಇದ್ದರೆ ಮಾತ್ರ ಅದರ ವೇಗ ಪೂರ್ತಿ ದಕ್ಕುತ್ತದೆ. ಮರದ ತೊಗಟೆಯನ್ನು ನೈಜವಾಗಿ ತೋರಿಸಲು ಅಂಟಿಸುವ ಒಂದು ಚಿತ್ರವನ್ನೇ ನೋಡಿ. ಉದ್ದಗಲ 8,192 ಚುಕ್ಕೆ, ಚುಕ್ಕೆಗೆ 4 ಬೈಟ್ ಎಂದರೆ 256 ಮೆಗಾಬೈಟ್ ಆಯಿತು. ಇಂಥ 96 ಚಿತ್ರಗಳಿಗೆ 24 ಗಿಗಾಬೈಟ್ ಮೆಮೊರಿ ಮುಗಿದುಹೋಗುತ್ತದೆ. ಮರದ ಆಕಾರಕ್ಕೆ, ಎಲೆಗೆ, ಹುಲ್ಲಿಗೆ ಜಾಗವೇ ಇಲ್ಲ! ಆಗ ‘ಮೆಮೊರಿ ಸಾಲದು’ ಎಂಬ ಸೂಚನೆಯೊಂದಿಗೆ ಕೆಲಸ ನಿಲ್ಲಬಹುದು. ಕಲಾವಿದ ತನ್ನ ಕಾಡಿನ ಮರಗಳನ್ನು ತಾನೇ ಕಡಿಯಬೇಕಾಗುತ್ತದೆ.

ಎರಡು ಹಾಕಿದರೆ ಎರಡರಷ್ಟೇ?

ಇನ್ನೊಂದು ಕಾರ್ಡು ಹಾಕಿದರಾಯಿತಲ್ಲ ಎಂದು ಅನ್ನಿಸುವುದು ಸಹಜ. ಆದರೆ 24 ಮತ್ತು 24 ಸೇರಿ ಇಲ್ಲಿ 48 ಆಗುವುದಿಲ್ಲ.

ಮದುವೆಮನೆಯಲ್ಲಿ ಇಬ್ಬರು ಅಡುಗೆ ಭಟ್ಟರಿದ್ದಾರೆ, ಇಬ್ಬರಿಗೂ ಬೇರೆ ಉಗ್ರಾಣ ಎಂದುಕೊಳ್ಳಿ. ಒಬ್ಬರ ಉಗ್ರಾಣಕ್ಕೆ ಇನ್ನೊಬ್ಬರು ಕಾಲಿಡುವಂತಿಲ್ಲ. ಆಗ ಅಕ್ಕಿ, ಬೇಳೆ, ಬೆಲ್ಲ ಎಲ್ಲವನ್ನೂ ಎರಡೂ ಕಡೆ ಇಡಬೇಕು. ಅಡುಗೆ ಬೇಗ ಆಗುತ್ತದೆ, ಆದರೆ ಒಂದು ಉಗ್ರಾಣದಲ್ಲಿ ಹಿಡಿಸದ ಸಾಮಾನು ಎರಡಿದ್ದರೂ ಹಿಡಿಸದು.

1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ಎರಡು ‘ವೂಡೂ2’ ಕಾರ್ಡುಗಳನ್ನು ಜೋಡಿಸಿದಾಗ ಒಂದು ಸಮಗೆರೆಗಳನ್ನೂ ಇನ್ನೊಂದು ಬೆಸಗೆರೆಗಳನ್ನೂ ಬಿಡಿಸುತ್ತಿತ್ತು. 2004ರಲ್ಲಿ ಎನ್‌ವಿಡಿಯಾ ಅದೇ ‘ಎಸ್‌ಎಲ್‌ಐ’ ಹೆಸರಿನಲ್ಲಿ ಹೊಸ ವ್ಯವಸ್ಥೆ ತಂದಿತು. ಎರಡರಲ್ಲೂ ಶ್ರಮ ಹಂಚಿಕೆಯಾಯಿತೇ ಹೊರತು ಮೆಮೊರಿ ಒಟ್ಟಾಗಲಿಲ್ಲ.

ಗೋಡೆಗೆ ಬಾಗಿಲು

ಉಗ್ರಾಣಗಳ ನಡುವೆ ಬಾಗಿಲು ಇಟ್ಟದ್ದು ‘ಎನ್‌ವಿಲಿಂಕ್’. 2014ರಲ್ಲಿ ಎನ್‌ವಿಡಿಯಾ ಇದನ್ನು ಪ್ರಕಟಿಸಿತು. 2016ರ ‘ಟೆಸ್ಲಾ ಪಿ100’ರಲ್ಲಿ ಬಳಕೆಗೆ ಬಂತು. ಒಂದು ಕಾರ್ಡು ಇನ್ನೊಂದರ ಮೆಮೊರಿಯನ್ನು ನೇರವಾಗಿ ಓದುವುದು ಇದರಿಂದ ಸರಾಗವಾಯಿತು. 2020ರಲ್ಲಿ ಬಂದ ಉಚಿತ ತಂತ್ರಾಂಶ ‘ಬ್ಲೆಂಡರ್ 2.90’ ಈ ಸೌಲಭ್ಯವನ್ನು ಸಾಮಾನ್ಯ ಕಲಾವಿದರ ಕೈಗೂ ಕೊಟ್ಟಿತು.

ಆದರೂ ಪಕ್ಕದ ಉಗ್ರಾಣ ಪಕ್ಕದ್ದೇ. ‘ಆರ್‌ಟಿಎಕ್ಸ್ 3090’ ಕಾರ್ಡು ತನ್ನ ಮೆಮೊರಿಯೊಂದಿಗೆ ಸೆಕೆಂಡಿಗೆ 936 ಗಿಗಾಬೈಟ್ ವ್ಯವಹರಿಸಿದರೆ, ಈ ಸೇತುವೆಯಲ್ಲಿ ಹೋಗುವುದು ಬರುವುದು ಎರಡೂ ಸೇರಿ 112.5 ಗಿಗಾಬೈಟ್ ಮಾತ್ರ. ಪ್ರತಿ ಚಿಟಿಕೆ ಉಪ್ಪಿಗೂ ಪಕ್ಕದ ಕೋಣೆಗೆ ಓಡಿದರೆ ಒಲೆಯ ಮೇಲಿನದು ಸೀದುಹೋದೀತು.

ಇದಕ್ಕೆ ಉತ್ತರ ಹುಡುಕಿದವರು ಜೆಕ್ ಗಣರಾಜ್ಯದ ಆಸ್ಟ್ರಾವಾ ನಗರದ ಸೂಪರ್‌ಕಂಪ್ಯೂಟರ್ ಕೇಂದ್ರ ‘ಐಟಿ4ಇನ್ನೊವೇಷನ್ಸ್’ನ ಸಂಶೋಧಕರು. ಯಾವ ಮಾಹಿತಿಯನ್ನು ಎಷ್ಟು ಸಲ ಓದಲಾಗುತ್ತದೆಂದು ಅವರು ಮೊದಲು ಎಣಿಸಿದರು. ಪದೇ ಪದೇ ಬೇಕಾಗುವ ಭಾಗದ ಪ್ರತಿಯನ್ನು ಎಲ್ಲ ಕಾರ್ಡುಗಳಲ್ಲೂ ಇಟ್ಟರು; ಉಳಿದದ್ದನ್ನು ಹಂಚಿದರು. ಒಗ್ಗರಣೆ ಡಬ್ಬಿ ಪ್ರತಿಯೊಬ್ಬ ಭಟ್ಟರ ಕೈಯಳತೆಯಲ್ಲಿ, ಬೆಲ್ಲದ ಅಚ್ಚು ಯಾವುದಾದರೂ ಒಂದೇ ಉಗ್ರಾಣದಲ್ಲಿ! 2021ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 169 ಗಿಗಾಬೈಟ್‌ವರೆಗಿನ ದೃಶ್ಯಗಳನ್ನು ಪರೀಕ್ಷಿಸಲಾಗಿತ್ತು. ಅಂಥ ದೊಡ್ಡ ದೃಶ್ಯಗಳಲ್ಲಿ ಎಲ್ಲೆಡೆ ಪ್ರತಿ ಮಾಡಬೇಕಾದ ಭಾಗ ಶೇಕಡಾ 1ರಿಂದ 5 ಮಾತ್ರ. 16 ಕಾರ್ಡುಗಳವರೆಗೆ ಬಳಸಿದರೂ ದಕ್ಷತೆ ಶೇಕಡಾ 94ಕ್ಕಿಂತ ಹೆಚ್ಚಿತ್ತು.

ಮತ್ತೆ ಮುಚ್ಚಿದ ಬಾಗಿಲು

ವಿಪರ್ಯಾಸವೆಂದರೆ, ದಾರಿ ಸ್ಪಷ್ಟವಾಗುವ ಹೊತ್ತಿಗೆ ಸಣ್ಣ ಸ್ಟುಡಿಯೋಗಳಿಗೆ ಬಾಗಿಲೇ ಇಲ್ಲವಾಯಿತು. 2022ರ ‘ಆರ್‌ಟಿಎಕ್ಸ್ 4090’ರಲ್ಲಿ ಎನ್‌ವಿಲಿಂಕ್ ಇಲ್ಲ, 2025ರ ‘5090’ರಲ್ಲೂ ಇಲ್ಲ. ಅದು ದತ್ತಾಂಶ ಕೇಂದ್ರಗಳ ದುಬಾರಿ ಯಂತ್ರಗಳಲ್ಲಿ ಮುಂದುವರಿದಿದೆ. ಹೆಚ್ಚು ಮೆಮೊರಿ ಬೇಕೆಂದವರು 96 ಗಿಗಾಬೈಟ್‌ನ ‘ಆರ್‌ಟಿಎಕ್ಸ್ ಪ್ರೊ 6000’ ರೀತಿಯ ಒಂದೇ ದೊಡ್ಡ ಕಾರ್ಡಿಗೆ ಭಾರಿ ಬೆಲೆ ತೆರಬೇಕು.

ಉಳಿದವರಿಗೆ ಬೇರೆ ಉಪಾಯಗಳಿವೆ. ದೂರದ ಮರಗಳಿಗೆ ಚಿಕ್ಕ ಚಿತ್ರಗಳನ್ನು ಬಳಸುವುದು ಒಂದು. ಒಂದೇ ಮರದ ಮಾಹಿತಿಯನ್ನು ಇಟ್ಟುಕೊಂಡು ಅದನ್ನೇ ಸಾವಿರ ಕಡೆ ತೋರಿಸುವುದು ಇನ್ನೊಂದು. ಹಿಡಿಸದ ಮಾಹಿತಿಯನ್ನು ಕಂಪ್ಯೂಟರಿನ ಮುಖ್ಯ ಮೆಮೊರಿಯಲ್ಲಿಟ್ಟು, ವೇಗ ಕುಂದಿದರೂ ಕೆಲಸ ಸಾಗಿಸುವುದು ಮೂರನೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಜಾಣತನವಿದು.

ಎರಡು ಕಾರ್ಡು ಕೊಳ್ಳುವ ಮುನ್ನ ಬೇಕಿರುವುದು ವೇಗವೋ ಜಾಗವೋ ಎಂದು ಕೇಳಿಕೊಳ್ಳುವುದು ಒಳ್ಳೆಯದು. ವೇಗ ಬೇಕಾದರೆ ಎರಡು ಸರಿ. ಜಾಗ ಬೇಕಾದರೆ ಕಾರ್ಡಿನಲ್ಲಿ ಸೇತುವೆಯ ಸೌಲಭ್ಯವಿದೆಯೇ, ತಂತ್ರಾಂಶ ಅದನ್ನು ಬಳಸಬಲ್ಲುದೇ ಎಂದು ವಿಚಾರಿಸಿಯೇ ಹಣ ಎಣಿಸಬೇಕು.