ಗಣಕಯಂತ್ರಕ್ಕೆ ಯಥಾಪ್ರತಿ

ಪ್ರತಿ ಎತ್ತುವ ಕಾರ್ಯದ ಕಷ್ಟಸುಖಗಳನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಒಂದೇ ಮಾತೃಕೆಯಿಂದ ಹೊರಟ ಎರಡು ಪ್ರತಿಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ, ಆ ಅಗಲಿಕೆಗೆ ಲಿಪಿಕಾರನ ಕಣ್ತಪ್ಪು ಕಾರಣವೋ ಅಥವಾ ಮೂಲದ ಗರಿಯೇ ಮುರಿದಿತ್ತೋ ಎಂಬ ವಿಚಾರದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಇಂದು ಭಂಡಾರಗಳಲ್ಲಿ ತಾಡವೋಲೆಯ ಕಟ್ಟುಗಳ ಪಕ್ಕದಲ್ಲಿಯೇ ಗಣಕಯಂತ್ರವೂ ಬಂದು ಕುಳಿತಿದೆ. ವರ್ಣನಾತ್ಮಕ ಸೂಚಿ, ಓಲೆಗಳ ಛಾಯಾಚಿತ್ರಗಳು, ಪಾಠಾಂತರಗಳ ಟಿಪ್ಪಣಿ, ದೂರದ ವಿದ್ವಾಂಸರೊಡನೆ ನಡೆದ ಪತ್ರವ್ಯವಹಾರ ಎಲ್ಲವೂ ಅದರೊಳಗೆ ಸೇರಿವೆ. ಆ ಯಂತ್ರವೂ ಓಲೆಯಂತೆಯೇ ನಶ್ವರವಾದುದು, ನಿಜ ಹೇಳುವುದಾದರೆ ಓಲೆಗಿಂತ ಬಹಳ ಬೇಗ ನಶಿಸುವಂಥದು. ಆದುದರಿಂದ ಅದಕ್ಕೂ ಪ್ರತಿ ಎತ್ತಬೇಕಾಗುತ್ತದೆ. ಇದನ್ನು ಆ ವೃತ್ತಿಯವರು ಕ್ಲೋನಿಂಗ್ ಎನ್ನುತ್ತಾರೆ. ನಾವು ಯಥಾಪ್ರತಿ ಎಂದು ಕರೆದರೆ ತಪ್ಪಾಗಲಾರದು.

ಕೇವಲ ಫೈಲುಗಳನ್ನು ಬೇರೊಂದು ಕಡೆಗೆ ನಕಲು ಮಾಡಿದರೆ ಸಾಲದೇ ಎಂದು ಕೇಳಬಹುದು. ಅನೇಕ ಸಂದರ್ಭಗಳಲ್ಲಿ ಸಾಲದು. ಯೂನಿಕೋಡ್ ಸಂಕೇತಕ್ರಮದ ಮೊದಲ ಆವೃತ್ತಿ ಪ್ರಕಟವಾದುದು 1991ರಲ್ಲಿ. ಅದರಲ್ಲಿ ಕನ್ನಡವೂ ಇದ್ದಿತು. ಆದರೂ ನಮ್ಮಲ್ಲಿ ಅದು ಬಳಕೆಗೆ ಬರಲು ಬಹು ವರ್ಷಗಳು ಹಿಡಿದವು. ಅಲ್ಲಿಯವರೆಗೆ ನಮ್ಮ ಸೂಚಿಗಳು ಬೇರೆ ಬೇರೆ ತಯಾರಕರ ಫಾಂಟುಗಳಲ್ಲಿ ಸಿದ್ಧವಾದವು. ಅಂತಹ ಫೈಲಿನೊಳಗೆ ವಾಸ್ತವವಾಗಿ ಕನ್ನಡದ ಒಂದು ಅಕ್ಷರವೂ ಇರುವುದಿಲ್ಲ; ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ ಮಾತ್ರ. ಆ ಸಂಕೇತಗಳಿಗೆ ಕನ್ನಡದ ರೂಪವನ್ನು ತೊಡಿಸುವುದು ಫಾಂಟು. ಫಾಂಟು ಕಳೆದುಹೋದರೆ ಹತ್ತು ವರ್ಷ ದುಡಿದು ಮಾಡಿದ ಸೂಚಿ ಅರ್ಥವಿಲ್ಲದ ಗೀಟುಗಳ ರಾಶಿಯಾಗಿ ಕಾಣುತ್ತದೆ. ಆ ಫಾಂಟನ್ನು ನಡೆಸುವ ತಂತ್ರಾಂಶ, ಆ ತಂತ್ರಾಂಶಕ್ಕೆ ಬೇಕಾದ ಹಳೆಯ ಆಪರೇಟಿಂಗ್ ಸಿಸ್ಟಂ, ಅದರ ಕೀಲಿಮಣೆಯ ವಿನ್ಯಾಸ ಇವೆಲ್ಲವೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸುವುದೇ ಶಾಶ್ವತವಾದ ಪರಿಹಾರವೆಂಬುದು ನಿಜ. ಆದರೆ ಪರಿವರ್ತನೆಯ ಮೇಲೆ ಸಂಶಯ ಬಂದಾಗ ತಾಳೆ ನೋಡಲು ಮೂಲವು ಓದಬಲ್ಲ ಸ್ಥಿತಿಯಲ್ಲಿರಬೇಕಷ್ಟೆ. ಆದುದರಿಂದ ಯಂತ್ರದ ಇಡೀ ಸ್ಥಾಪನೆಯನ್ನೇ ಅಖಂಡವಾಗಿ ಪ್ರತಿ ಎತ್ತಿಡುವುದು ಉಚಿತ.

ಈ ಕಾರ್ಯದ ಅತ್ಯಂತ ಹಳೆಯ ಮತ್ತು ಅತ್ಯಂತ ಸರಳವಾದ ಸಾಧನ ಡಿಡಿ ಎಂಬ ಆದೇಶ. 1974ರ ಯೂನಿಕ್ಸ್ ಐದನೆಯ ಆವೃತ್ತಿಯಲ್ಲಿ ಇದು ಕಾಣಿಸಿಕೊಂಡಿತು, ಇಂದಿಗೂ ಪ್ರಚಾರದಲ್ಲಿದೆ. ಇದು ಫೈಲುಗಳನ್ನು ಅರಿಯದು, ಹೆಸರುಗಳನ್ನು ಅರಿಯದು, ಲಿಪಿಯನ್ನಂತೂ ಅರಿಯದು. ಹಾರ್ಡ್ ಡಿಸ್ಕಿನ ಮೊದಲ ತುಣುಕಿನಿಂದ ಕೊನೆಯ ತುಣುಕಿನವರೆಗೆ ಇದ್ದುದನ್ನು ಇದ್ದಂತೆಯೇ ಇನ್ನೊಂದಕ್ಕೆ ಇಳಿಸುತ್ತದೆ. ತುಣುಕಿನ ಗಾತ್ರವನ್ನು ನಾವು ಹೇಳದಿದ್ದರೆ 512 ಬೈಟುಗಳೆಂದು ತಾನೇ ಭಾವಿಸಿಕೊಳ್ಳುತ್ತದೆ. ಭಾಷೆಯನ್ನು ತಿಳಿಯದ, ಆದರೆ ಕೈ ನಡುಗದ ಲಿಪಿಕಾರನಿಗೆ ಇದನ್ನು ಹೋಲಿಸಬಹುದು. ಗ್ರಂಥದ ಅರ್ಥವನ್ನು ಬಲ್ಲ ಲಿಪಿಕಾರನು ತನ್ನ ಪಾಂಡಿತ್ಯದಿಂದ ಪಾಠವನ್ನು 'ತಿದ್ದಿ' ಕೆಡಿಸುವ ಅಪಾಯವುಂಟು. ಈ ಯಂತ್ರಲಿಪಿಕಾರನಿಂದ ಅಂತಹ ಭಯವಿಲ್ಲ. ಆದರೆ ಇವನ ಅಜ್ಞಾನಕ್ಕೂ ಬೆಲೆ ತೆರಬೇಕಾಗುತ್ತದೆ. ಖಾಲಿ ಜಾಗವನ್ನೂ ಅಷ್ಟೇ ಶ್ರದ್ಧೆಯಿಂದ ನಕಲು ಮಾಡುವುದರಿಂದ ವೃಥಾ ಕಾಲಹರಣವಾಗುತ್ತದೆ. ಅಳಿಸಿದೆವೆಂದು ನಾವು ಭಾವಿಸಿದ ಫೈಲುಗಳ ಅವಶೇಷಗಳೂ ಪ್ರತಿಯೊಳಗೆ ಬಂದುಬಿಡುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ: ಯಾವುದು ಮೂಲ, ಯಾವುದು ಪ್ರತಿ ಎಂಬುದನ್ನು ಆದೇಶದಲ್ಲಿ ಅದಲುಬದಲು ಮಾಡಿ ಬರೆದರೆ ಖಾಲಿ ಡಿಸ್ಕೇ ಮೂಲದ ಮೇಲೆ ನಕಲಾಗಿ ಸರ್ವಸ್ವವೂ ನಾಶವಾಗುತ್ತದೆ. ಅದು ಮರುಪ್ರಶ್ನೆಯನ್ನೂ ಕೇಳದು.

ಈ ದೋಷಗಳನ್ನು ನಿವಾರಿಸಲು ಬಂದ ಸಾಧನಗಳಲ್ಲಿ ಘೋಸ್ಟ್ ಎಂಬುದು ಬಹುಕಾಲ ಪ್ರಸಿದ್ಧವಾಗಿದ್ದಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಈ ತಂತ್ರಾಂಶವನ್ನು 1998ರಲ್ಲಿ ಸಿಮ್ಯಾಂಟೆಕ್ ಸಂಸ್ಥೆಯು ಕೊಂಡಿತು. ಈಗ ಉಚಿತವಾಗಿ ದೊರೆಯುವ ಸಾಧನಗಳಲ್ಲಿ ತೈವಾನಿನ ರಾಷ್ಟ್ರೀಯ ಗಣಕ ಕೇಂದ್ರದಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಗಮನಾರ್ಹವಾದುದು. ಇದು ಡಿಸ್ಕಿನ ರಚನೆಯನ್ನು ಓದಿ ತಿಳಿಯಬಲ್ಲುದಾದರೆ ಬಳಕೆಯಲ್ಲಿರುವ ಭಾಗಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ತಿಳಿಯಲಾಗದಿದ್ದರೆ ಡಿಡಿಯ ಮೊರೆ ಹೋಗುತ್ತದೆ. ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ ಇದನ್ನು ನಡೆಸಬೇಕು. ಯಂತ್ರವು ತನ್ನದೇ ಡಿಸ್ಕಿನಿಂದ ನಡೆಯುತ್ತಿರುವಾಗಲೇ ಪ್ರತಿ ಎತ್ತಿದರೆ, ಒಂದು ಭಾಗ ನಕಲಾಗುವಷ್ಟರಲ್ಲಿ ಇನ್ನೊಂದು ಭಾಗ ಬದಲಾಗಿರುತ್ತದೆ. ಕವಿಯು ತಿದ್ದುತ್ತಿರುವಾಗಲೇ ಪಕ್ಕದಲ್ಲಿ ಕುಳಿತು ಪ್ರತಿ ಮಾಡಿದಂತೆ ಅದು ಯಾವ ಕಾಲದ ಪಾಠವೂ ಆಗದೆ ಉಳಿಯುತ್ತದೆ.

ಮೂಲದ ಡಿಸ್ಕೇ ಕೆಟ್ಟಿದ್ದರೆ? ಇಲ್ಲಿ ನಮ್ಮ ಶಾಸ್ತ್ರಕ್ಕೂ ಆ ಶಾಸ್ತ್ರಕ್ಕೂ ಇರುವ ಸಾಮ್ಯ ಆಶ್ಚರ್ಯಕರವಾಗಿದೆ. ಸಾಮಾನ್ಯ ನಕಲು ಓದಲಾಗದ ಮೊದಲ ಸ್ಥಾನದಲ್ಲಿಯೇ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಎಂಬ ಸಾಧನ ಹಾಗಲ್ಲ. ಮೊದಲು ಸುಲಭವಾಗಿ ಓದಿಸಿಕೊಳ್ಳುವ ಭಾಗಗಳನ್ನೆಲ್ಲ ಸಂಗ್ರಹಿಸಿ, ತ್ರುಟಿತ ಸ್ಥಾನಗಳನ್ನು ದಾಟಿ ಮುಂದೆ ಹೋಗುತ್ತದೆ. ಅನಂತರ ಹಿಂದಿರುಗಿ ಒಂದೊಂದು ತ್ರುಟಿಯ ಅಂಚನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತದೆ. ಯಾವುದು ದೊರೆಯಿತು, ಯಾವುದು ದೊರೆಯಲಿಲ್ಲ ಎಂಬುದರ ನಕ್ಷೆಯನ್ನು ಪ್ರತ್ಯೇಕ ಫೈಲಿನಲ್ಲಿ ಬರೆದಿಡುತ್ತದೆ. ದೊರೆಯದ ಜಾಗ ಪ್ರತಿಯಲ್ಲಿ ಅಷ್ಟೇ ಅಳತೆಗೆ ಖಾಲಿ ಉಳಿಯುತ್ತದೆ, ಆದುದರಿಂದ ಮುಂದಿನ ಪಾಠ ಸ್ಥಾನಪಲ್ಲಟವಾಗುವುದಿಲ್ಲ. ಅಕ್ಷರ ಹೋದ ಕಡೆ ಬಿಂದುಗಳನ್ನಿಟ್ಟು ಮುಂದೆ ಸಾಗುವ ಪ್ರಾಮಾಣಿಕ ಲಿಪಿಕಾರನ ಕ್ರಮವೇ ಇದು. ಸಾಯುತ್ತಿರುವ ಡಿಸ್ಕನ್ನು ಪದೇ ಪದೇ ಓದಿಸಿದಷ್ಟೂ ಅದರ ಮರಣ ಸಮೀಪಿಸುವುದರಿಂದ ಒಳ್ಳೆಯ ಭಾಗವನ್ನು ಮೊದಲು ಉಳಿಸಿಕೊಳ್ಳುವುದು ವಿವೇಕ.

ಪ್ರತಿಯನ್ನು ಮೂಲದೊಡನೆ ತಾಳೆ ನೋಡುವ ವಿಧಾನವೂ ಉಂಟು. ಎಸ್‌ಎಚ್‌ಎ-256 ಎಂಬ ಗಣಿತವಿಧಿಯಿಂದ ಎಷ್ಟೇ ದೊಡ್ಡ ಫೈಲಿಗೂ 64 ಅಂಕಾಕ್ಷರಗಳ ಒಂದು ಮುದ್ರೆಯನ್ನು ಪಡೆಯಬಹುದು. ಮೂಲದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಮುದ್ರೆ ಪೂರ್ತಿಯಾಗಿ ಬೇರೆಯಾಗುತ್ತದೆ. 1992ರಲ್ಲಿ ಪ್ರಕಟವಾದ ಎಂಡಿ5 ಎಂಬ ಹಳೆಯ ವಿಧಿಯಲ್ಲಿ ಎರಡು ಭಿನ್ನ ಫೈಲುಗಳಿಗೆ ಒಂದೇ ಮುದ್ರೆ ಬರುವಂತೆ ಉದ್ದೇಶಪೂರ್ವಕವಾಗಿ ಮಾಡಬಹುದೆಂದು 2004ರಲ್ಲಿ ತೋರಿಸಲಾಯಿತು. ಹೊಸ ಕೆಲಸಕ್ಕೆ ಅದನ್ನು ಬಿಡುವುದು ಲೇಸು. ಒಂದು ಪದದ ಲೋಪ ಎಂತಹ ವಿವಾದವನ್ನು ತರಬಲ್ಲುದೆಂಬುದು ನಮಗೆ ತಿಳಿಯದ ವಿಷಯವಲ್ಲ. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲಾಟೀಕಾಸಹಿತವಾದ ಷಟ್ಖಂಡಾಗಮದ ಮೊದಲ ಸಂಪುಟ ಹೊರಬಂದಾಗ, ಆಧಾರವಾಗಿದ್ದ ಪ್ರತಿಗಳಲ್ಲಿ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಪದ ಇರಲಿಲ್ಲ. ಅದು ಅಲ್ಲಿರಬೇಕೆಂದು ಸಂಪಾದಕರು ಊಹಿಸಿದರು. ಅನಂತರ ಮೂಡುಬಿದಿರೆಯ ತಾಡವೋಲೆಗಳಲ್ಲಿ ಅದು ಕಂಡುಬಂದಿತು. ಮೂಲ ಉಳಿದಿದ್ದುದರಿಂದ ನಿರ್ಣಯ ಸಾಧ್ಯವಾಯಿತು. ಗಣಕಯಂತ್ರದಲ್ಲಿ ಮೂಲವನ್ನು ಅಳಿಸಿದ ಮೇಲೆ ಮುದ್ರೆಗಳನ್ನು ಹೋಲಿಸಲು ಹೊರಡುವವರನ್ನು ನಾನು ಕಂಡಿದ್ದೇನೆ.

ಇಷ್ಟರವರೆಗೆ ಪ್ರತಿ ಮೂಲಕ್ಕೆ ನಿಷ್ಠವಾಗಿರಬೇಕೆಂದು ಹೇಳಿದ್ದಾಯಿತು. ಆದರೆ ಯಂತ್ರದ ಪ್ರತಿಯಲ್ಲಿ ಅತಿನಿಷ್ಠೆಯೂ ದೋಷವಾಗುತ್ತದೆ. ಹಳೆಯ ಪ್ರತಿಯ ಕೊನೆಯಲ್ಲಿದ್ದ ಲಿಪಿಕಾರನ ಹೆಸರನ್ನೂ ಶಕವರ್ಷವನ್ನೂ ಹೊಸ ಲಿಪಿಕಾರನು ಹಾಗೆಯೇ ಬರೆದು ತನ್ನದೇನನ್ನೂ ಸೇರಿಸದೆ ಬಿಟ್ಟರೆ, ಮುಂದಿನವರು ಹೊಸ ಪ್ರತಿಯನ್ನೇ ಆ ಶಕವರ್ಷದ್ದೆಂದು ಭ್ರಮಿಸುತ್ತಾರೆ. ಯಂತ್ರಕ್ಕೂ ಅಂತಹ ಪುಷ್ಪಿಕೆಗಳುಂಟು. ಲಿನಕ್ಸ್ ಸ್ಥಾಪನೆಯಲ್ಲಿ ಮೆಷಿನ್-ಐಡಿ ಎಂಬ 32 ಅಂಕಾಕ್ಷರಗಳ ಗುರುತು ಇರುತ್ತದೆ. ಎರಡು ಯಂತ್ರಗಳಲ್ಲಿ ಅದು ಒಂದೇ ಆಗಿದ್ದರೆ, ಕೆಲವು ವ್ಯವಸ್ಥೆಗಳಲ್ಲಿ ಜಾಲದ ವಿಳಾಸ ಹಂಚುವ ಯಂತ್ರವು ಇಬ್ಬರನ್ನೂ ಒಬ್ಬನೆಂದೇ ಬಗೆದು ಒಂದೇ ವಿಳಾಸವನ್ನು ಕೊಡುತ್ತದೆ. ಪ್ರತಿ ಎತ್ತುವ ಮೊದಲು ಆ ಫೈಲನ್ನು ಖಾಲಿ ಮಾಡಿದರೆ ಪ್ರತಿಯೊಂದು ಯಂತ್ರವೂ ಮುಂದಿನ ಆರಂಭದಲ್ಲಿ ತನ್ನದೇ ಗುರುತನ್ನು ಹುಟ್ಟಿಸಿಕೊಳ್ಳುತ್ತದೆ. ದೂರದಿಂದ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ವ್ಯವಸ್ಥೆಯ ಗುಪ್ತ ಕೀಲಿಗಳನ್ನೂ ಹೊಸದಾಗಿ ಮಾಡಿಸಬೇಕು, ಯಂತ್ರದ ಹೆಸರನ್ನೂ ಬದಲಿಸಬೇಕು. ಮೂಲ ಡಿಸ್ಕು ಮತ್ತು ಪ್ರತಿಯ ಡಿಸ್ಕು ಎರಡನ್ನೂ ಒಂದೇ ಯಂತ್ರಕ್ಕೆ ಒಟ್ಟಿಗೆ ಜೋಡಿಸುವುದೂ ಕೂಡದು. ಎರಡರ ಗುರುತೂ ಒಂದೇ ಆಗಿರುವುದರಿಂದ ಯಾವುದನ್ನು ತೆರೆದೆವೆಂಬುದೇ ತಿಳಿಯದಂತಾಗುತ್ತದೆ. ವಿಂಡೋಸ್ ಸ್ಥಾಪನೆಯಲ್ಲಿ ಎಸ್‌ಐಡಿ ಎಂಬ ಗುರುತಿನ ಬಗ್ಗೆ ಬಹುಕಾಲ ಚರ್ಚೆ ನಡೆದಿದೆ. ಅದು ಎರಡು ಯಂತ್ರಗಳಲ್ಲಿ ಒಂದೇ ಆದರೆ ಹಾನಿಯೆಂಬ ನಂಬಿಕೆ ಬಹುಮಟ್ಟಿಗೆ ನಿರಾಧಾರವೆಂದು ಮಾರ್ಕ್ ರಸಿನೋವಿಚ್ 2009ರಲ್ಲಿ ವಾದಿಸಿದರು. ಆದರೂ ಪ್ರತಿ ಎತ್ತುವ ಮುನ್ನ ಸಿಸ್‌ಪ್ರೆಪ್ ಎಂಬ ಸಾಧನದಿಂದ ಗುರುತುಗಳನ್ನು ತೊಡೆಯಬೇಕೆಂಬುದೇ ಮೈಕ್ರೋಸಾಫ್ಟಿನ ಅಧಿಕೃತ ವಿಧಿ. ವಿಧಿಯನ್ನು ಅನುಸರಿಸುವುದೇ ಕ್ಷೇಮ.

ಇಂತಹ ಅತಿನಿಷ್ಠೆಯ ಫಲವನ್ನು ನಾನೇ ಒಮ್ಮೆ ಅನುಭವಿಸಿದೆನು. ನನ್ನ ಯಂತ್ರದ ಪ್ರತಿಯನ್ನು ಸಹೋದ್ಯೋಗಿಯೊಬ್ಬರ ಯಂತ್ರಕ್ಕೆ ಇಳಿಸಿದ್ದೆವು. ಅದರೊಡನೆ ನನ್ನ ಇಮೇಲ್ ವ್ಯವಸ್ಥೆಯೂ ಗುಪ್ತಪದಸಹಿತವಾಗಿ ಹೋಗಿತ್ತು. ಆಗ ನಾನು ಬಳಸುತ್ತಿದ್ದುದು ಪಾಪ್ ಎಂಬ ಹಳೆಯ ಕ್ರಮ; ಸಾಮಾನ್ಯವಾಗಿ ಅದು ಪತ್ರಗಳನ್ನು ಇಳಿಸಿಕೊಂಡು ಕೇಂದ್ರಯಂತ್ರದಿಂದ ಅಳಿಸಿಹಾಕುತ್ತದೆ. ಯಾವ ಯಂತ್ರ ಮೊದಲು ಕೇಳುತ್ತದೆಯೋ ಅದಕ್ಕೆ ಪತ್ರ. ಹೀಗೆ ನನಗೆ ಬರಬೇಕಾದ ವಿದ್ವತ್ಪತ್ರಗಳು ಎರಡು ಯಂತ್ರಗಳಿಗೆ ಹಂಚಿಹೋದವು. ಒಂದು ಪ್ರಾಕೃತ ಶಬ್ದದ ಬಗ್ಗೆ ನಾನು ಕೇಳಿದ್ದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲವೆಂದು ಖೇದಗೊಂಡು, ನನ್ನ ಊಹೆಯನ್ನೇ ಲೇಖನದಲ್ಲಿ ಸಿದ್ಧಾಂತವಾಗಿ ಬರೆದೆನು. ಉತ್ತರವು ಎರಡು ತಿಂಗಳಿಂದ ಪಕ್ಕದ ಕೋಣೆಯ ಯಂತ್ರದಲ್ಲಿ ಕುಳಿತಿದ್ದಿತು, ಅದೂ ನನ್ನ ಊಹೆಗೆ ವಿರುದ್ಧವಾಗಿ! ಲೇಖನ ಅಚ್ಚಾಗುವ ಮೊದಲೇ ಇದು ಗೊತ್ತಾದುದು ನನ್ನ ಪುಣ್ಯ. ಪತ್ರಗಳನ್ನು ಕೇಂದ್ರಯಂತ್ರದಲ್ಲಿಯೇ ಉಳಿಸುವ ಐಮ್ಯಾಪ್ ಕ್ರಮದಲ್ಲಿ ಇಂತಹ ಹಂಚಿಕೆ ಆಗುವುದಿಲ್ಲ. ಆದರೆ ಇನ್ನೊಬ್ಬರ ಯಂತ್ರಕ್ಕೆ ನಮ್ಮ ಗುಪ್ತಪದವನ್ನು ಕಳುಹಿಸಬಾರದೆಂಬ ನಿಯಮ ಯಾವ ಕ್ರಮದಲ್ಲಿಯೂ ಬದಲಾಗದು.

ವಿದ್ವತ್ಪತ್ರಗಳ ಮಾತು ಬಂದುದರಿಂದ ಅದರ ಬಗ್ಗೆ ಕೊಂಚ ಹೇಳಬೇಕು. ಒಂದೇ ವಿಳಾಸಕ್ಕೆ ಬರೆದ ಪತ್ರವು ಸದಸ್ಯರೆಲ್ಲರಿಗೂ ತಲುಪುವ ಪಟ್ಟಿಯ ವ್ಯವಸ್ಥೆಯನ್ನು ಮಾನವರ ನೆರವಿಲ್ಲದೆ ನಡೆಸುವ ಲಿಸ್ಟ್‌ಸರ್ವ್ ತಂತ್ರಾಂಶವನ್ನು ಎರಿಕ್ ಥಾಮಸ್ 1986ರಲ್ಲಿ ರಚಿಸಿದರು. ಮರುವರ್ಷವೇ ಟೊರಾಂಟೋದಲ್ಲಿ ವಿಲ್ಲರ್ಡ್ ಮೆಕಾರ್ಟಿಯವರು ಹ್ಯೂಮನಿಸ್ಟ್ ಪಟ್ಟಿಯನ್ನು ಆರಂಭಿಸಿದರು. ನಮ್ಮ ಕ್ಷೇತ್ರಕ್ಕೆ ನೇರವಾಗಿ ಸಂಬಂಧಿಸಿದ ಇಂಡಾಲಜಿ ಪಟ್ಟಿ 1990ರಲ್ಲಿ ಡೊಮಿನಿಕ್ ವುಯಸ್ಟಿಕ್ ಅವರಿಂದ ಸ್ಥಾಪಿತವಾಯಿತು. ಇವುಗಳ ನಿಜವಾದ ಬೆಲೆ ಇರುವುದು ಸಂಗ್ರಹವಾಗಿ ಉಳಿದ ಹಳೆಯ ಪತ್ರಗಳಲ್ಲಿ. ಒಂದು ಹಸ್ತಪ್ರತಿ ಎಲ್ಲಿದೆ, ಒಂದು ಪಾಠವನ್ನು ಯಾರು ಪ್ರಶ್ನಿಸಿದ್ದಾರೆ ಎಂಬ ಸಂಗತಿಗಳು ಎಷ್ಟೋ ಬಾರಿ ಅಚ್ಚಿನ ಲೇಖನಕ್ಕಿಂತ ಮೊದಲು ಅಲ್ಲಿ ದೊರೆಯುತ್ತವೆ.

ಹುಡುಕುವಾಗ ಒಂದು ತೊಡಕಿದೆ. ಹಳೆಯ ಪತ್ರಗಳಲ್ಲಿ ಸಂಸ್ಕೃತ ಪ್ರಾಕೃತ ಶಬ್ದಗಳನ್ನು ಹಾರ್ವರ್ಡ್-ಕ್ಯೋಟೋ ಮೊದಲಾದ ಕ್ರಮಗಳಲ್ಲಿ ಬರೆಯುತ್ತಿದ್ದರು. ದೀರ್ಘ ಆಕಾರಕ್ಕೆ ದೊಡ್ಡ ಎ, ತಾಲವ್ಯ ಶಕಾರಕ್ಕೆ ಝಡ್, ಮೂರ್ಧನ್ಯ ಷಕಾರಕ್ಕೆ ದೊಡ್ಡ ಎಸ್ ಎಂಬಂತೆ. ಆದುದರಿಂದ ಷಟ್ಖಂಡಾಗಮದ ಹೆಸರನ್ನು ಒಂದೇ ವರ್ಣವಿನ್ಯಾಸದಲ್ಲಿ ಹುಡುಕಿ ಏನೂ ಸಿಗಲಿಲ್ಲವೆಂದು ಕೈಬಿಡಬಾರದು. ನಾಲ್ಕೈದು ವಿಧವಾಗಿ ಹುಡುಕಬೇಕು. ಪ್ರತಿಯೊಂದು ಪತ್ರಕ್ಕೂ ಬೇರೆಲ್ಲೂ ಇಲ್ಲದ ಒಂದು ಸಂದೇಶಸಂಖ್ಯೆ ಇರುತ್ತದೆ, ಉತ್ತರದಲ್ಲಿ ಪ್ರಶ್ನೆಯ ಸಂಖ್ಯೆ ಉಲ್ಲೇಖವಾಗಿರುತ್ತದೆ. ಚರ್ಚೆಯ ಎಳೆ ಕೂಡುವುದು ಇದರಿಂದಲೇ. ದಿನದ ಪತ್ರಗಳನ್ನೆಲ್ಲ ಒಂದೇ ಕಂತೆಯಾಗಿ ಪಡೆಯುವವರು ಆ ಕಂತೆಗೇ ಉತ್ತರ ಬರೆದರೆ ಎಳೆ ಕಡಿದುಹೋಗುತ್ತದೆ. ಲೇಖನದಲ್ಲಿ ಉದ್ಧರಿಸುವಾಗ ಬರೆದವರ ಹೆಸರು, ವಿಷಯ, ದಿನಾಂಕ ಮೂರನ್ನೂ ಕೊಡುವುದು ನ್ಯಾಯ. ಅವಸರದಲ್ಲಿ ಬರೆದ ಪತ್ರದ ಅಭಿಪ್ರಾಯವನ್ನು ಗ್ರಂಥಸ್ಥ ಅಭಿಪ್ರಾಯದ ತೂಕದಲ್ಲಿ ತೂಗುವುದು ಮಾತ್ರ ಬರೆದವರಿಗೆ ಮಾಡುವ ಅನ್ಯಾಯ.

ಪುನಃ ಯಂತ್ರಕ್ಕೆ ಬರೋಣ. ಯಥಾಪ್ರತಿಯ ಹೊರತಾಗಿ ಇನ್ನೊಂದು ಮಾರ್ಗವೂ ಇದೆ: ಸ್ಥಾಪನೆಯನ್ನು ನಕಲು ಮಾಡುವ ಬದಲು, ಅದನ್ನು ಮತ್ತೆ ಕಟ್ಟುವ ವಿಧಿಯನ್ನು ಬರೆದಿಡುವುದು. ಡೆಬಿಯನ್ ವ್ಯವಸ್ಥೆಯಲ್ಲಿ ಸ್ಥಾಪಿತವಾಗಿರುವ ತಂತ್ರಾಂಶಗಳ ಪಟ್ಟಿಯನ್ನು ಒಂದೇ ಆದೇಶದಿಂದ ಪಡೆದು ಇನ್ನೊಂದು ಯಂತ್ರದಲ್ಲಿ ಅದರಂತೆಯೇ ಸ್ಥಾಪಿಸಬಹುದು. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ 1999ರಲ್ಲಿ ಆರಂಭಿಸಿದ ಎಫ್‌ಎಐ ಎಂಬ ಯೋಜನೆ ಇಡೀ ಕಾರ್ಯವನ್ನೇ ಸ್ವಯಂಚಾಲಿತವಾಗಿ ಮಾಡುತ್ತದೆ. ಈ ಕ್ರಮದಲ್ಲಿ ಗುರುತುಗಳ ಸಂಕರವಿಲ್ಲ, ಬೇರೆ ಜಾತಿಯ ಯಂತ್ರಕ್ಕೂ ಹೊಂದುತ್ತದೆ. ಆದರೆ ಪಟ್ಟಿಯಲ್ಲಿರುವ ತಂತ್ರಾಂಶ ಎಲ್ಲಿಯಾದರೂ ದೊರೆಯುತ್ತಿರಬೇಕು. ತಯಾರಕರೇ ಇಲ್ಲವಾದ ಹಳೆಯ ಕನ್ನಡ ಫಾಂಟಿನ ವಿಷಯದಲ್ಲಿ ಈ ಮಾರ್ಗ ನಿರುಪಯೋಗಿ. ಆದುದರಿಂದ ಹಳೆಯ ಸೂಚಿಯಿರುವ ಯಂತ್ರಕ್ಕೆ ಯಥಾಪ್ರತಿಯನ್ನೂ, ದಿನಬಳಕೆಯ ಹೊಸ ಯಂತ್ರಗಳಿಗೆ ವಿಧಿಯ ಪಟ್ಟಿಯನ್ನೂ ಇಡುವುದು ನನ್ನ ಅಭಿಮತ.

ಯಥಾಪ್ರತಿಯೊಡನೆ ಒಂದು ಹಾಳೆಯನ್ನೂ ಇಡಬೇಕು. ಯಾವ ಯಂತ್ರದಿಂದ, ಯಾವ ದಿನ, ಯಾವ ಸಾಧನದ ಯಾವ ಆವೃತ್ತಿಯಿಂದ, ಯಾರು ಪ್ರತಿ ಎತ್ತಿದರು, ಮೂಲ ಡಿಸ್ಕಿನ ಗಾತ್ರವೆಷ್ಟು, ಮುದ್ರೆ ಯಾವುದು ಎಂಬುದನ್ನು ಅದರಲ್ಲಿ ಬರೆದಿರಬೇಕು. ಗಾತ್ರವನ್ನು ಬರೆಯುವುದು ಏಕೆಂದರೆ, ಅದಕ್ಕಿಂತ ಚಿಕ್ಕ ಡಿಸ್ಕಿಗೆ ಇಂತಹ ಪ್ರತಿಯನ್ನು ನೇರವಾಗಿ ಇಳಿಸಲು ಬರುವುದಿಲ್ಲ. ಆ ಹಾಳೆಯನ್ನು ಗಣಕಯಂತ್ರದಲ್ಲಿ ಇಡದೆ, ಕಾಗದದ ಮೇಲೆ ಮಸಿಯಲ್ಲಿ ಬರೆದು ಪ್ರತಿಯ ಪೆಟ್ಟಿಗೆಯೊಳಗೇ ಇಡುವುದು ಒಳ್ಳೆಯದು.